ಮೇಜು ತಡೆದ ಗೋಡೆ

ನಮ್ಮೂರಿನಲ್ಲಿ ಹೊಸದಾಗಿ ಅಂಗಡಿ ಹಾಕಿದವರನ್ನು ಅವರ ಬೆನ್ನು ನೋಡಿಯೇ ಗುರುತು ಹಿಡಿಯಬಹುದು. ಬೆನ್ನಿಗೆ ಸುಣ್ಣ ಮೆತ್ತಿರುತ್ತದೆ. ಹೊಸಸಾಲಿನ ಮಳಿಗೆಗಳಲ್ಲಿ ಕೂತವರಿಗೆಲ್ಲ ಹಿಂದಿನ ಗೋಡೆಗೆ ಆಗಾಗ ಒರಗಿ, ಅದು ಇದ್ದಲ್ಲೇ ಇದೆಯೋ ಮುಂದೆ ಬಂತೋ ಎಂದು ಪರೀಕ್ಷಿಸುವ ಚಟ. ಕಣ್ಣಿಗಿಂತ ಬೆನ್ನಿಗೆ ಬೇಗ ಗೊತ್ತಾಗುತ್ತದೆ ಎಂದು ನಂಬಿಕೆ. ಬಸ್ಸಿನಲ್ಲಿ ಮುಂದೆ ನಿಂತವರ ಬೆನ್ನಿಗೆ ಸುಣ್ಣವಿದ್ದರೆ ಹಿಂದಿನವರು ಕೈಯಿಂದ ತಟ್ಟಿ ಉದುರಿಸುತ್ತಾರೆ. ಅದು ಮರ್ಯಾದೆ. ವ್ಯಾಪಾರ ಹೇಗಿದೆ ಎಂದು ಕೇಳುವುದು ಮರ್ಯಾದೆಯಲ್ಲ.

ಹೊಸಸಾಲು ಪುರಸಭೆಯದು. ಹೊಸದಾಗಿ ಉದ್ಯೋಗ ಶುರು ಮಾಡುವವರಿಗೆ ಅಲ್ಲಿಯೇ ಜಾಗ, ಬೇರೆಲ್ಲೂ ಇಲ್ಲ. ಎಲ್ಲ ಮಳಿಗೆಗಳ ಬಾಗಿಲೂ ಒಂದೇ ಅಳತೆ, ಒಳಗಿನ ಉದ್ದ ಮಾತ್ರ ಅವರವರ ಪಾಡು. ಕೈಯಲ್ಲಿರುವ ದುಡ್ಡು, ಈಗಿನ ಖರ್ಚಿನಲ್ಲಿ, ಇನ್ನೆಷ್ಟು ಕಾಲ ಬರುತ್ತದೋ ಅಷ್ಟು ದೂರದಲ್ಲಿ ಹಿಂದಿನ ಗೋಡೆ ನಿಂತಿರುತ್ತದೆ. ತಿಂಗಳಿಗೆ ಒಂದು ಮಾರು. ದುಡ್ಡು ಬಂದರೆ ಗೋಡೆ ಹಿಂದೆ ಸರಿಯುತ್ತದೆ, ಖರ್ಚಾದರೆ ಮುಂದೆ ಬರುತ್ತದೆ. ಬರಬೇಕಾದ ದುಡ್ಡಿಗೆ ಅದು ಜಪ್ಪಯ್ಯ ಅಂದರೂ ಅಲುಗುವುದಿಲ್ಲ, ಬಂದದ್ದಕ್ಕೆ ಮಾತ್ರ. ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ ಎಂದು ಮಾತು ಕೊಟ್ಟ ಗಳಿಗೆಯಲ್ಲೇ ಮೊಳದುದ್ದ ಬಂದುಬಿಡುತ್ತದೆ. ಒಂದು ಖರ್ಚನ್ನು ಬಿಟ್ಟರೆ ಗೇಣುದ್ದ ಹಿಂದೆ ಹೋಗುತ್ತದೆ, ಆದರೆ ಬಾಯಲ್ಲಿ ಬಿಟ್ಟರೆ ಸಾಲದು, ಮನಸ್ಸಿನಿಂದ ಬಿಟ್ಟಿರಬೇಕು. ಗೋಡೆ ಬಂದು ಹೊಸ್ತಿಲು ಮುಟ್ಟಿತೋ, ಬಾಗಿಲೇ ಮಾಯವಾಗಿ ಗೋಡೆಯಾಗುತ್ತದೆ. ಅಂಥವು ಸಾಲಿನಲ್ಲಿ ಬೇಕಾದಷ್ಟಿವೆ. ಮೇಲೆ ಬೋರ್ಡು ಹಾಗೆಯೇ ಇರುತ್ತದೆ, ಕೆಳಗೆ ಬರೀ ಗೋಡೆ, ಅದರ ಮೇಲೆ ನಾಟಕ ಕಂಪನಿಯ ಪೋಸ್ಟರು. ಆ ಬೋರ್ಡಿನವರಿಗೆ ಪುರಸಭೆ ಮತ್ತೆ ಮಳಿಗೆ ಕೊಡುವುದಿಲ್ಲ.

ಹೀಗಾಗಿ ನಮ್ಮಲ್ಲಿ ಕೆಲವು ರೂಢಿಗಳಿವೆ. ಕಪಾಟುಗಳಿಗೆ ಗಾಲಿ ಹಾಕಿಸುತ್ತೇವೆ. ಬಾಗಿಲಲ್ಲಿ ಹಿಡಿಸದ ಸಾಮಾನನ್ನು ಒಳಗೆ ಮಾಡಿಸುವುದಿಲ್ಲ. ಬಾಕಿ ದುಡ್ಡನ್ನು ಬಾಯಿಬಿಟ್ಟು ಕೇಳುವುದಿಲ್ಲ, ಅಷ್ಟು ನಾಚಿಕೆಗೇಡಿನ ಕೆಲಸ ಮತ್ತೊಂದಿಲ್ಲ. ಕೊಡಬೇಕಾದವರೇ ಸಂತೆಯ ಮಾರನೆಯ ದಿನ ಸಾಲಿನುದ್ದಕ್ಕೂ ನಡೆದು, ಬಾಗಿಲು ಬಾಗಿಲಲ್ಲಿ ಇಣುಕಿ, ಯಾರ ಗೋಡೆ ಹತ್ತಿರ ಬಂದಿದೆಯೋ ಅವರಿಗೆ ಮೊದಲು ಕೊಡುತ್ತಾರೆ. ಇಕ್ಕಟ್ಟಿನವರಿಗೆ ಮೊದಲು ಎಂಬುದು ಸಂತೆಯ ಮಾತು. ಹಾಗೆಂದು ಇಕ್ಕಟ್ಟಿನಲ್ಲಿ ಸುಖವೇನಿಲ್ಲ. ನಾಳೆ ಬಾಗಿಲೇ ಇಲ್ಲದಿದ್ದರೆ ಯಾರನ್ನು ಹಿಡಿಯುವುದೆಂದು ಹೊಸ ಗಿರಾಕಿಗಳು ಅಂಥವರಿಗೆ ದೊಡ್ಡ ಕೆಲಸ ಕೊಡುವುದಿಲ್ಲ. ಬಾಕಿ ಬರಬೇಕೆಂದರೆ ಗೋಡೆ ಹತ್ತಿರ ಇರಬೇಕು, ಕೆಲಸ ಬರಬೇಕೆಂದರೆ ದೂರ ಇರಬೇಕು. ಈ ಎರಡರ ನಡುವೆ ಕೂತು ಉಣ್ಣುವ ಅನ್ನ ಮೈಗೆ ಹತ್ತುವುದಾದರೂ ಹೇಗೆ?

ನಮ್ಮದು ತಂಪುಗೂಡಿನ ಅಂಗಡಿ. ಗೂಡು ಅಂದರೆ ಮಣ್ಣಿನ ಪೆಟ್ಟಿಗೆ. ಒಂದರೊಳಗೆ ಒಂದು ಎರಡು ಗೋಡೆ, ನಡುವೆ ಒದ್ದೆ ಉಸುಕು, ಮೇಲೆ ಬಿಗಿಯಾದ ಮುಚ್ಚಳ. ಕರೆಂಟು ಬೇಡ, ಬರ್ಫ ಬೇಡ, ಒಳಗಿಟ್ಟ ಮೆಂತ್ಯಸೊಪ್ಪು ನಾಲ್ಕು ದಿನ ಬಾಡುವುದಿಲ್ಲ. ಇದನ್ನು ಕಂಡುಹಿಡಿದವನು ನನ್ನ ಜೊತೆ ಹೈಸ್ಕೂಲು ಓದಿದ ಮುರಿಗೆಪ್ಪ. ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಮಾಡುವುದು ಅವನು, ಮಾರುವುದು ಅವನು, ದುಡ್ಡು ನೋಡಿಕೊಳ್ಳುವುದು ನಾನು. ನನ್ನ ಹೆಸರು ವಾರಿಜಾ. ನಾನು ಹುಟ್ಟಾ ಅಂಜುಬುರುಕಿ. ಹಾಲು ಉಕ್ಕುವ ಮೊದಲೇ ಒಲೆ ಆರಿಸುವವಳು ಎಂದು ಅತ್ತೆ ಆಡಿಕೊಳ್ಳುತ್ತಾರೆ. ಆದರೂ ನನ್ನ ಪಾಲಿಗೆ ಬಂದ ಸೈಟು ಮಾರಿ ಈ ಮಣ್ಣಿನ ಪೆಟ್ಟಿಗೆಗೆ ಹಾಕಿದೆ. ಬೇಸಿಗೆಯ ಸಂತೆಯಲ್ಲಿ ಸಂಜೆಯ ಹೊತ್ತಿಗೆ ಚರಂಡಿಗೆ ಸುರಿಯುವ ಸೊಪ್ಪಿನ ರಾಶಿ ನೋಡಿದ್ದೆ. ಆ ಗೂಡು ನಡೆಯುತ್ತದೆ ಎಂದು ನನಗೆ ಅನಿಸಿತ್ತು, ಈಗಲೂ ಅನಿಸುತ್ತದೆ.

ನಮ್ಮ ಮೂರನೆಯವಳು ಹಸೀನಾ. ಮುಚ್ಚಳ ಕೂರಿಸುವುದು ಅವಳ ಕೆಲಸ. ಮುಚ್ಚಳ ಕೂದಲೆಳೆಯಷ್ಟು ಸಡಿಲವಾದರೂ ಗೂಡು ಬರೀ ಗಡಿಗೆ. ಹಸೀನಾ ಒಂದೊಂದನ್ನೂ ಮರಳುಕಾಗದದಿಂದ ತಿಕ್ಕಿ ತಿಕ್ಕಿ ಕೂರಿಸುತ್ತಾಳೆ. ಅವಳ ಸಂಬಳದ ಮೇಲೆ ಅವಳ ತಂಗಿಯ ನರ್ಸಿಂಗ್ ಓದು ನಿಂತಿದೆ ಎಂಬುದು ನನಗೂ ಮುರಿಗೆಪ್ಪನಿಗೂ ಗೊತ್ತಿತ್ತು.

ಮೊದಲ ವರ್ಷ ಎರಡು ಮಾರಿನ ಕೋಣೆಯಲ್ಲಿ ಮೂವರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಕೆಲಸ ಮಾಡಿದೆವು. ಆಮೇಲೆ ಹೆಂಚಿನ ವ್ಯಾಪಾರದ ಸಾಹುಕಾರರೊಬ್ಬರು ಕಾಲು ಪಾಲು ಕೇಳಿ ದೊಡ್ಡ ಮೊತ್ತ ಹಾಕಿದರು. ಅವರು ದುಡ್ಡಿಟ್ಟ ದಿನ ನಾನು ಗೋಡೆಗೆ ಒರಗಿಯೇ ನಿಂತಿದ್ದೆ. ಅದು ಹಿಂದೆ ಸರಿದ ರಭಸಕ್ಕೆ ಅಂಗಾತ ಬಿದ್ದೆ. ಎದ್ದು ನೋಡಿದರೆ ಗೋಡೆ ಹೋಗುತ್ತಲೇ ಇದೆ. ಹತ್ತು ಮಾರು ಇದ್ದೀತು. ಮಾತಾಡಿದರೆ ದನಿ ತಿರುಗಿ ಬರುತ್ತಿತ್ತು. ಸಾಲಿನವರೆಲ್ಲ ಬಂದು ಆ ತುದಿಯವರೆಗೆ ನಡೆದು ನೋಡಿ ಹೋದರು. ಮುರಿಗೆಪ್ಪ ನಡುಮಧ್ಯೆ ನಿಂತು ಎರಡೂ ಕೈ ಚಾಚಿದ.

"ಇಲ್ಲೊಂದು ಮೇಜ ಬೇಕ ನೋಡು. ದೊಡ್ಡದು. ಹನ್ನೆರಡು ಮಂದಿ ಕುಂತು ಮಾತಾಡುವಂಥಾದ್ದು."

"ನಾವು ಇರೂದು ಮೂರು ಮಂದಿ," ಎಂದೆ.

"ಇವತ್ತು ಮೂರು."

ಹೊನ್ನೆ ಮರದ ಮೇಜು. ಬಡಿಗೇರ ಹಲಗೆಗಳನ್ನು ಒಳಗೆ ತಂದು, ಒಳಗೇ ಕೂಡಿಸಿ, ಒಳಗೇ ಪಾಲಿಶ್ ಹೊಡೆದ. ಎರಡೂವರೆ ಮಾರು ಉದ್ದ, ನನ್ನ ಗೇಣಿನರ್ಧ ದಪ್ಪ. ಬಾಗಿಲಲ್ಲಿ ಹಿಡಿಸುವುದಿಲ್ಲ ಎಂದು ನಾನು ಗೋಳಾಡಿದ್ದಕ್ಕೆ ಮುರಿಗೆಪ್ಪ ನಕ್ಕುಬಿಟ್ಟ. "ಹೊರಗ ಯಾಕ ತರಬೇಕು ವಾರಿಜಾ? ನಮ್ಮ ಗ್ವಾಡಿ ಇನ್ನ ಮುಂದ ಬರಂಗಿಲ್ಲ." ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾವು ಕೊಡೆ ಹಿಡಿಯಲಿಲ್ಲ, ಬೋರ್ಡಿಗೆ ದೀಪದ ಸರ ಹಾಕಿಸಿದೆವು. ಉಸುಕು ಇಡಲು ಬಾಡಿಗೆಗೆ ಗೋದಾಮು ಹಿಡಿದೆವು. ಆಟೋದಲ್ಲಿ ಮೈಕು ಕಟ್ಟಿಕೊಂಡು ಊರೆಲ್ಲ ತಂಪುಗೂಡಿನ ಪದ ಹಾಡಲು ಒಬ್ಬನನ್ನು ತಿಂಗಳ ಲೆಕ್ಕದಲ್ಲಿ ಗೊತ್ತುಮಾಡಿದೆವು. ಒಂದೊಂದಕ್ಕೂ ಗೋಡೆ ಹೆಜ್ಜೆ ಹೆಜ್ಜೆ ಬಂತು. ಹತ್ತು ಮಾರಿನಲ್ಲಿ ಒಂದು ಹೆಜ್ಜೆ ಯಾರಿಗೆ ಕಾಣುತ್ತದೆ? ನನಗೆ ಕಾಣುತ್ತಿತ್ತು. ನನ್ನ ಬೆನ್ನಿನ ಸುಣ್ಣ ಒಂದು ದಿನವೂ ಮಾಸಲಿಲ್ಲ.

ಮಾರಾಟವೇನೋ ಚೆನ್ನಾಗಿಯೇ ಇತ್ತು. ಅದೇ ನೋಡಿ ಮೋಸ. ಸೊಪ್ಪಿನವರು, ಹಾಲಿನವರು, ವೀಳ್ಯದೆಲೆಯವರು ಎಲ್ಲರೂ ಒಯ್ದರು, ಎಲ್ಲರೂ ಕಡ. ತರಕಾರಿ ಸಂತೆಯ ಜಿನ್ನಪ್ಪ ಒಬ್ಬರೇ ಇಪ್ಪತ್ತು ಗೂಡು ಒಯ್ದಿದ್ದರು. "ಲಾಭದಾಗ ಅದೀವಿ," ಎಂದು ಮುರಿಗೆಪ್ಪ ಹೇಳುತ್ತಿದ್ದ. ಸುಳ್ಳಲ್ಲ. ಲಾಭದಲ್ಲಿದ್ದೇವೆ ಎಂದು ನಾನೂ ಒಂದು ದಿನ ಗೋಡೆಗೆ ಮುಖ ಕೊಟ್ಟು ಹೇಳಿ ನೋಡಿದೆ. ಅದು ಆವತ್ತೇ ಹುಡಿಮಣ್ಣಿನ ಬಿಲ್ಲು ಕಟ್ಟಿದ್ದಕ್ಕೆ ಒಂದು ಗೇಣು ಮುಂದೆ ಬಂತು.

ಬೇಸಿಗೆ ಹತ್ತಿರವಾಗುವ ಹೊತ್ತಿಗೆ ಗೋಡೆ ಬಂದು ಮೇಜಿನ ಒಂದು ತುದಿಗೆ ತಾಗಿತು. ಇನ್ನೆರಡು ದಿನಕ್ಕೆ ಮೇಜನ್ನು ನೂಕಿಕೊಂಡು ಬಂದು, ಇನ್ನೊಂದು ತುದಿ ಬಾಗಿಲ ಪಕ್ಕದ ಮುಂಗೋಡೆಗೆ ಆನಿಕೊಂಡಿತು. ಅಲ್ಲಿಗೆ ನಿಂತಿತು. ಮಾರನೆಯ ದಿನ ಹಸೀನಾಳ ಸಂಬಳ ಕೊಟ್ಟೆ, ಗೋಡೆ ಬರಲಿಲ್ಲ. ಗೋದಾಮಿನ ಬಾಡಿಗೆ ಕಟ್ಟಿದೆ, ಬರಲಿಲ್ಲ. ಮೇಜು ಮಾತ್ರ ಕಿರ್ ಎಂದಿತು.

ಮುರಿಗೆಪ್ಪ ಮೇಜನ್ನು ತಟ್ಟಿದ, ಎತ್ತಿನ ಬೆನ್ನು ತಟ್ಟುವವರ ಹಾಗೆ. "ಹೊನ್ನಿ ಮರ ಅಂದ್ರ ಇದು. ತಡದೈತಿ ನೋಡು."

"ಇದು ತಡದಿದ್ದು ಗ್ವಾಡಿನ ಅಷ್ಟ," ಎಂದೆ. "ದುಡ್ಡು ಹೋಗೂದು ತಡದಿಲ್ಲ."

"ಗೊತ್ತೈತಿ ಮಾರಾಯ್ತಿ. ಆದ್ರ ಹೊರಗಿಂದ ನೋಡಿದವ್ರಿಗೆ ಎರಡೂವರಿ ಮಾರು ಕಾಣತೈತಿ ಹೌದಲ್ಲೋ? ಹೂವಿನ ಮಂಡಿ ರುದ್ರಮ್ಮ ಬಂದು ಹೋಗೂತನಕ ತಡೀಲಿ. ಆಮ್ಯಾಲ ಎಲ್ಲಾ ಸರಿಹೋಗತೈತಿ."

ರುದ್ರಮ್ಮ ಹೂವಿನ ಮಂಡಿಯ ಯಜಮಾನಿ. ಅಮಾವಾಸ್ಯೆ ಕಳೆದ ಸೋಮವಾರ ಬಂದು ಅಂಗಡಿ ನೋಡುವುದಾಗಿ ಹೇಳಿಕಳಿಸಿದ್ದರು. ಒಪ್ಪಿಗೆಯಾದರೆ ಇನ್ನೂರು ಗೂಡು, ಅರ್ಧ ದುಡ್ಡು ಮುಂಗಡ. ಇಕ್ಕಟ್ಟಿನ ಅಂಗಡಿಗೆ ಮಂಡಿಯವರು ಮುಂಗಡ ಕೊಡುವುದಿಲ್ಲ ಎಂಬುದು ಊರಿಗೇ ಗೊತ್ತು. ನಾನು ಬಾಯಿ ಮುಚ್ಚಿಕೊಂಡೆ. ಇನ್ನೂರು ಗೂಡು ಎಂದರೆ ಯಾರ ಬಾಯಿ ತಾನೆ ಮುಚ್ಚುವುದಿಲ್ಲ?

ಆದರೆ ಅಂದಿನಿಂದ ನನ್ನ ನೆಮ್ಮದಿ ಹಾಳಾಯಿತು. ಗೋಡೆ ಹೆದರಿಸುತ್ತಿತ್ತು ನಿಜ, ಸುಳ್ಳು ಹೇಳುತ್ತಿರಲಿಲ್ಲ. ಈಗ ಅದಕ್ಕೆ ಒರಗಿದರೂ ಏನೂ ಗೊತ್ತಾಗದು. ಒರಗುವುದನ್ನೇ ಬಿಟ್ಟೆ. ಡಬ್ಬಿಯ ದುಡ್ಡು ಎಣಿಸುವುದು, ಬ್ಯಾಂಕಿಗೆ ಹೋಗಿ ಕೇಳುವುದು, ಬೆರಳು ಮಡಚುವುದು. ಒಂದೂವರೆ ಮಾರು ಇರಬೇಕು ಎಂದುಕೊಳ್ಳುವೆ. ಮರುವಾರ ಒಂದು ಮಾರು ಇದ್ದರೆ ಹೆಚ್ಚು ಎಂದುಕೊಳ್ಳುವೆ. ಉಂಡ ಅನ್ನ ಯಾವುದು, ಸಾರು ಯಾವುದು ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಅತ್ತೆ ನನ್ನ ಬೆನ್ನು ನೋಡಿ ಸಂತೋಷಪಟ್ಟರು. "ಸೀರಿ ಸ್ವಚ್ಛ ಐತಲ್ಲ ಈಗೀಗ! ದೇವ್ರು ಕಣ್ಣ ತೆರದಾ." ನನಗೆ ಅಳು ಬಂತು. ಈರುಳ್ಳಿ ಹೆಚ್ಚುತ್ತಿದ್ದೆನಾದ್ದರಿಂದ ಅವರಿಗೆ ಗೊತ್ತಾಗಲಿಲ್ಲ.

ಮೇಜು ಮೊದಲು ಕಿರ್ ಎನ್ನುತ್ತಿದ್ದುದು ಆಮೇಲೆ ನರಳತೊಡಗಿತು. ಅದರ ನಡು ಮೆಲ್ಲಗೆ ಮೇಲೆದ್ದಿತು. ಇಟ್ಟ ಪೆನ್ಸಿಲ್ಲು ಎರಡೂ ಕಡೆ ಉರುಳಿ ಬೀಳುತ್ತಿತ್ತು. ಹಸೀನಾ ಮುಚ್ಚಳಗಳನ್ನು ಇಳಿಜಾರಿನಲ್ಲಿಟ್ಟು ತಿಕ್ಕುವುದನ್ನೂ ಅಭ್ಯಾಸ ಮಾಡಿಕೊಂಡಳು. ಮುರಿಗೆಪ್ಪ ಹಾಡು ಹೇಳತೊಡಗಿದ. ಯಾರಾದರೂ ಬಾಗಿಲಲ್ಲಿ ಇಣುಕಿದರೆ ಮೇಜಿನ ಸಪ್ಪಳ ಕೇಳಬಾರದೆಂದು ದನಿ ಎತ್ತುತ್ತಿದ್ದ. ಅವನ ಕಂಠಕ್ಕಿಂತ ಮೇಜಿನ ಕಂಠವೇ ವಾಸಿಯಿತ್ತು.

ರುದ್ರಮ್ಮ ಬರುವ ಹಿಂದಿನ ದಿನ ಭಾನುವಾರ, ಸಂತೆಯ ಮಾರನೆಯ ದಿನ. ಬಾಕಿ ಕೊಡುವವರು ಸಾಲಿನಲ್ಲಿ ಓಡಾಡುತ್ತಿದ್ದರು. ಜಿನ್ನಪ್ಪ ನಮ್ಮ ಬಾಗಿಲಿಗೂ ಬಂದರು. ಕಂಕುಳಲ್ಲಿ ದುಡ್ಡಿನ ಚೀಲ. ಅವರು ಕುತ್ತಿಗೆ ಚಾಚಿ ಒಳಗೆ ನೋಡಿದರು, ಉದ್ದದ ಮೇಜು ನೋಡಿದರು, ಹಾಡುತ್ತಿದ್ದ ಮುರಿಗೆಪ್ಪನನ್ನು ನೋಡಿದರು.

"ಆರಾಮ ಅದೀರಿ ಬಿಡ್ರಿ," ಎಂದು ನಕ್ಕರು. "ನಿಮ್ದು ಮುಂದಿನ ಸಂತಿಗೆ ನೋಡೂಣು."

ಪಕ್ಕದ್ದು ಸಾಬೂನಿನ ಕಾಶೀಬಾಯಿಯ ಅಂಗಡಿ. ಅಲ್ಲಿ ಗೋಡೆ ಎಷ್ಟು ಹತ್ತಿರ ಬಂದಿತ್ತೆಂದರೆ ಆಕೆ ಅಡ್ಡವಾಗಿ ಕೂರುತ್ತಿದ್ದಳು. ಜಿನ್ನಪ್ಪ ಆಕೆಯ ಮುಂದೆ ಚೀಲ ಬಿಚ್ಚಿ ನೋಟು ಎಣಿಸಿಕೊಟ್ಟರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಕಾಶೀಬಾಯಿಯ ಗೋಡೆ ಸರಕ್ಕನೆ ಒಂದು ಮೊಳ ಹಿಂದೆ ಹೋಯಿತು, ಆಕೆ ಕಾಲು ನೀಡಿ ಕೂತಳು. ಎಲೆಯವರು ಬಂದರು, ನಮ್ಮಲ್ಲಿ ಇಣುಕಿದರು, ಹೋದರು. ಹಾಲಿನವರು ಬಂದರು, ಇಣುಕಿದರು, ಹೋದರು. ನಮ್ಮ ದುಡ್ಡೇ ನಮ್ಮ ಹೊಸ್ತಿಲು ನೋಡಿಕೊಂಡು ಮುಂದೆ ಹಾದುಹೋಗುತ್ತಿತ್ತು. ಮೂರು ವಾರದಿಂದ ಹೀಗೆಯೇ ಹೋಗಿದೆ ಎಂದು ನನಗೆ ಆಗ ಹೊಳೆಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಜುಟ್ಟಿನ ಹೂವು ನೋಡಿಯೇ ಯಾರೂ ಹಿಟ್ಟು ಕೊಡುತ್ತಿರಲಿಲ್ಲ.

ಒಳಗೆ ಬಂದು ಮುರಿಗೆಪ್ಪನಿಗೆ ಹೇಳಿದೆ. ಅವನು ಹಾಡು ನಿಲ್ಲಿಸಿದ. "ನಾಳೆ ಒಂದ ದಿನ ವಾರಿಜಾ. ಒಂದ ದಿನ ತಡಕೋ."

ಆಗಲೇ ಫಟ್ ಎಂಬ ಸಪ್ಪಳವಾಯಿತು. ಮೇಜಿನ ನಡುವೆ ಉದ್ದಕ್ಕೆ ಒಂದು ಸೀಳು ಬಿಟ್ಟಿತ್ತು. ಹಸೀನಾ ಕೈಯಲ್ಲಿದ್ದ ಮುಚ್ಚಳ ಕೆಳಗಿಟ್ಟಳು. ಅವಳ ಬೆನ್ನಿಗೆ ಗೋಡೆ, ಎದುರಿಗೆ ಮೇಜು. ಬಾಗಿಲಿಗೆ ಬರಬೇಕೆಂದರೆ ಮೇಜನ್ನು ಪೂರ್ತಿ ಬಳಸಿ ಬರಬೇಕು.

"ಅಕ್ಕಾ," ಎಂದಳು, "ನಾ ಹೊರಗ ಕುಂತು ಮಾಡ್ತೀನ್ರಿ. ನನಗ ಅಂಜಿಕಿ ಬರಾಕತ್ತೈತಿ."

ನಾನು ಅವಳನ್ನು ಕೈಹಿಡಿದು ಹೊರಗೆ ಕರೆತಂದೆ. ಆಮೇಲೆ ನೆಟ್ಟಗೆ ಬಡಿಗೇರನ ಮನೆಗೆ ಹೋಗಿ ಗರಗಸವನ್ನೂ ಕೊಡಲಿಯನ್ನೂ ಕೇಳಿದೆ. ಅವನು ಯಾಕೆಂದು ಕೇಳಲಿಲ್ಲ. "ಹೊನ್ನಿ ಮರ್ರೀ, ಗರಗಸ ಕಚ್ಚತೈತಿ. ಬೆಣಿ ಹೊಡಕೋತ ಕೊಯ್ರಿ," ಎಂದ. ಮಾಡಿದವನೇ ಕೊಯ್ಯುವ ಬಗೆ ಹೇಳಿಕೊಟ್ಟ.

ನನ್ನ ಕೈಯಲ್ಲಿ ಗರಗಸ ನೋಡಿ ಮುರಿಗೆಪ್ಪ ಬಾಗಿಲಿಗೆ ಅಡ್ಡ ನಿಂತ. "ಇನ್ನೂರು ಗೂಡು ವಾರಿಜಾ! ನಿನ್ನ ಸೈಟಿನ ದುಡ್ಡು ಎಲ್ಲಾ ಒಂದ ಸಲಕ್ಕ ಹೊಳ್ಳಿ ಬರತೈತಿ!"

"ನಾಳೆ ಆಕಿ ಬಂದು ಆ ಮೇಜಿಗೆ ಕುಂತಾಗ ಅದು ಮುರದ್ರ?"

ಅವನು ಬಾಗಿಲಿನಿಂದ ಸರಿದ. ನನ್ನಲ್ಲೇನೂ ಧೈರ್ಯವಿರಲಿಲ್ಲ. ನನ್ನ ಲೆಕ್ಕದ ಪ್ರಕಾರ ಎರಡು ಮೊಳ ಉಳಿಯಬೇಕು. ಆದರೆ ನನ್ನ ಲೆಕ್ಕ ತಪ್ಪಿದ್ದರೆ ಇವತ್ತೇ ನಮ್ಮ ಬಾಗಿಲಿಗೆ ನಾಟಕದ ಪೋಸ್ಟರು. ಎರಡು ಮೊಳ, ಎರಡು ಮೊಳ ಎಂದು ಜಪ ಮಾಡುತ್ತ ಮುಂಗೋಡೆಯ ಪಕ್ಕ ನಿಂತು ಗರಗಸ ಇಟ್ಟೆ. ನಾಲ್ಕು ಎಳೆತಕ್ಕೆ ಮರ ಗರಗಸವನ್ನು ಕಚ್ಚಿಹಿಡಿಯಿತು. ಬೆಣೆ ಹೊಡೆದೆ, ಮತ್ತೆ ಎಳೆದೆ. ಮುರಿಗೆಪ್ಪ ಸ್ವಲ್ಪ ಹೊತ್ತು ನೋಡುತ್ತ ನಿಂತವನು, "ಹಂಗಲ್ಲ, ಸರಿ ಆಕಡೆ," ಎಂದು ಕೊಡಲಿ ತೆಗೆದುಕೊಂಡ. ಅವನ ಮೂರನೆಯ ಏಟಿಗೆ ಮೇಜು ಸಿಡಿಯಿತು.

ಇಬ್ಬರೂ ಬೀದಿಗೆ ಹಾರಿದೆವು. ಗೋಡೆ ಬರತೊಡಗಿತು. ಓಡಿ ಬರಲಿಲ್ಲ, ಉಂಡು ಎದ್ದವರು ಅಂಗಳಕ್ಕೆ ಬರುವಷ್ಟೇ ನಿಧಾನ. ಮುರಿದ ಹಲಗೆಗಳನ್ನು ನೂಕಿಕೊಂಡು, ಕಪಾಟಿನ ಗಾಲಿ ಉರುಳಿಸಿಕೊಂಡು, ಡಬ್ಬಿ, ಕುರ್ಚಿ, ಮುಚ್ಚಳಗಳನ್ನೆಲ್ಲ ಬಾಗಿಲಿನಿಂದ ಹೊರಗೆ ಹಾಕುತ್ತ ಬಂತು. ಸಾಲಿನವರೆಲ್ಲ ಕೆಲಸ ಬಿಟ್ಟು ಸೇರಿದರು. ಒಂದೂವರೆ ಮಾರು. ಒಂದು ಮಾರು. ಮೂರು ಮೊಳ. ಎರಡು ಮೊಳ. ಇನ್ನು ನಿಲ್ಲುತ್ತದೆ ಎಂದುಕೊಂಡೆ. ನಿಲ್ಲಲಿಲ್ಲ.

"ಮುರಿಗೆಪ್ಪಾ! ಏನ ಒಪ್ಕೊಂಡೀಯೋ? ನನಗ ಹೇಳದ ಏನ ಒಪ್ಕೊಂಡೀ?"

ಅವನ ಮುಖ ಸುಣ್ಣವಾಗಿತ್ತು. "ಇಬ್ಬರಿಗೆ ಮಾತ ಕೊಟ್ಟೀನಿ. ಇನ್ನೂರು ಗೂಡ ಮಾಡಾಕ ಮಂದಿ ಬೇಕಲ್ಲಂತ. ಒಂದನೇ ತಾರೀಖಿಗೆ ಬಾ ಅಂದೀನಿ."

"ಬ್ಯಾಡ ಅನ್ನು!"

"ಬ್ಯಾಡ!" ಎಂದು ಅವನು ಗೋಡೆಗೆ ಕೂಗಿದ. "ಅವ್ರಿಬ್ಬರೂ ಬ್ಯಾಡ, ಇವತ್ತ ಹೋಗಿ ಹೇಳಿ ಬರ್ತೀನಿ!" ಗೋಡೆ ತಡೆಯಿತು, ಒಂದು ಉಸಿರಿನಷ್ಟು. ಮತ್ತೆ ಬಂತು. "ಮೈಕಿನಾಂವ ಬ್ಯಾಡ!" ಎಂದೆ ನಾನು. "ಬೋರ್ಡಿನ ದೀಪಾ ಬ್ಯಾಡ!" ಎಂದ ಅವನು. "ಗೋದಾಮ ಬ್ಯಾಡ, ಉಸುಕು ನಮ್ಮ ಹಿತ್ತಲದಾಗ ಇಡ್ತೀನಿ!" ಒಂದೊಂದಕ್ಕೂ ಗೋಡೆ ತಡೆದು ತಡೆದು ಬರುತ್ತಿತ್ತು. "ನನ್ನ ಸಂಬಳ ಬ್ಯಾಡ!" ಎಂದೆ. ಅದಕ್ಕೆ ಒಂದು ಗೇಣು ಹಿಂದೆ ಹೋಗಿ ಮತ್ತೆ ಮುಂದೆ ಹೆಜ್ಜೆ ಇಟ್ಟಿತು. ಈಗ ಹೊಸ್ತಿಲಿಗೂ ಗೋಡೆಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ.

"ನನ್ನ ಸಂಬಳಾನೂ ಬ್ಯಾಡ!" ಎಂದ ಮುರಿಗೆಪ್ಪ.

ಗೋಡೆ ಕಿವಿಗೇ ಹಾಕಿಕೊಳ್ಳಲಿಲ್ಲ. ಬಂತು.

ಉಳಿದಿದ್ದ ಖರ್ಚು ಇನ್ನೊಂದೇ. ಅದು ಎಲ್ಲರಿಗೂ ಗೊತ್ತಿತ್ತು, ಹಸೀನಾಳಿಗೂ ಗೊತ್ತಿತ್ತು. ಅವಳು ಮುಚ್ಚಳಗಳನ್ನು ಎದೆಗೆ ಅವಚಿಕೊಂಡು ಮೋರಿಯ ಕಟ್ಟೆಯ ಮೇಲೆ ನಿಂತಿದ್ದಳು. ಮುರಿಗೆಪ್ಪ ಅವಳ ಕಡೆ ನೋಡಿದ. ಅವನ ಬಾಯಿ ತೆರೆದೇ ಇತ್ತು. ನನ್ನ ಬಾಯೂ ತೆರೆದಿತ್ತೋ ಏನೋ, ನನಗೆ ತಿಳಿಯದು. ಅವಳು ನಮ್ಮಿಬ್ಬರನ್ನೂ ನೋಡಿ ತಲೆ ತಗ್ಗಿಸಿದಳು. ಬೇಡಿಕೊಳ್ಳಲಿಲ್ಲ.

ಮುರಿಗೆಪ್ಪ ಹೊಸ್ತಿಲ ಮೇಲೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಮದುವೆಗೆ ಹೆಣ್ಣು ಗೊತ್ತಾಗಿತ್ತು ಅವನಿಗೆ. ಸಂಬಳವಿದ್ದವನಿಗೆ ಕೊಟ್ಟ ಹೆಣ್ಣು. ಬಹಳ ಹೊತ್ತೇನೂ ಅಲ್ಲ, ಗೋಡೆ ನಾಲ್ಕು ಬೆರಳು ಬರುವಷ್ಟು ಹೊತ್ತು ಅವನು ನೆಲ ನೋಡುತ್ತಿದ್ದ. ಆಮೇಲೆ ಯಾರಿಗೂ ಅಲ್ಲವೆಂಬಂತೆ ಸಣ್ಣ ದನಿಯಲ್ಲಿ, "ಬ್ಯಾಡಪಾ, ನನಗ ಸಂಬಳ ಬ್ಯಾಡ," ಎಂದ.

ಗೋಡೆ ನಿಂತಿತು. ಮೆಲ್ಲಗೆ ಹಿಂದೆ ಸರಿದು ಹೊಸ್ತಿಲಿನಿಂದ ಒಂದು ಮೊಳ ದೂರಕ್ಕೆ ಹೋಗಿ ಅಲ್ಲಿಯೇ ಉಳಿಯಿತು. ನಾನು ಒಳಗೆ ಹೋಗಿ ಅದಕ್ಕೆ ಬೆನ್ನು ಕೊಟ್ಟು ನಿಂತೆ. ನನ್ನ ಮೂಗಿನ ಮುಂದೆಯೇ ಬೀದಿಯಿತ್ತು. ಗೋಡೆ ಅಲುಗಲಿಲ್ಲ. ಎಷ್ಟೋ ದಿನದ ಮೇಲೆ ನನಗೆ ಹಸಿವಾಯಿತು.

ಮಾರನೆಯ ದಿನ ರುದ್ರಮ್ಮ ಹೇಳಿದ ವೇಳೆಗೆ ಸರಿಯಾಗಿ ಬಂದರು. ದಪ್ಪ ಹೆಂಗಸು, ಕೈತುಂಬ ಹಸಿರು ಬಳೆ, ಮೈಯೆಲ್ಲ ಸೇವಂತಿಗೆಯ ವಾಸನೆ. ಕೂರಿಸಲು ಒಳಗೆ ಜಾಗವಿಲ್ಲ. ಬೀದಿಯಲ್ಲಿ ಮೇಜಿನ ತುಂಡೊಂದನ್ನು ಕಲ್ಲಿನ ಮೇಲಿಟ್ಟು ಅದರ ಮೇಲೆಯೇ ಕೂರಿಸಿದೆವು. ಪಕ್ಕದಲ್ಲಿ ಬಿಸಿಲಿಗೆ ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು ಹಸೀನಾ ಮುಚ್ಚಳ ತಿಕ್ಕುತ್ತಿದ್ದಳು.

"ಇದರ ಸಪ್ಪಳ ನಮ್ಮ ಮಂಡಿತನಕ ಕೇಳಸ್ತಿತ್ತು, ಯಾತರದಂತ ಇವತ್ತ ತಿಳೀತು," ಎಂದು ರುದ್ರಮ್ಮ ತಾವು ಕೂತ ಹಲಗೆ ತಟ್ಟಿದರು. ಒಂದು ಗೂಡಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದರು. "ಗೂಡ ಚಲೋ ಅದಾವು. ಆದ್ರ ಒಂದು ಮೊಳದ ಅಂಗಡಿಗೆ ನಾ ಮುಂಗಡ ಕೊಡಂಗಿಲ್ಲವ್ವ. ನನ್ನ ದುಡ್ಡಲ್ಲ ಅದು, ಮಂಡಿ ಮಂದೀದು."

ಮುರಿಗೆಪ್ಪ ಏನೋ ಹೇಳಲು ಹೋದ. ಆಕೆ ಕೈ ಎತ್ತಿ ತಡೆದರು. "ನಿನ್ನೆ ಬಂದಿದ್ರ ಕೊಟ್ಟಿರತಿದ್ದೆ. ಕೊಟ್ಟು, ಮುಂದ ಬಾಯಿ ಬಡಕೋತಿದ್ದೆ." ಆರು ಗೂಡಿಗೆ ದುಡ್ಡು ಎಣಿಸಿ ಹಲಗೆಯ ಮೇಲಿಟ್ಟು, ಗಾಡಿಗೆ ಹಾಕಿಸಿಕೊಂಡು ಹೋದರು. ಗೋಡೆ ಇನ್ನೊಂದು ಮೊಳ ಹಿಂದಕ್ಕೆ ಹೋಯಿತು, ಅಷ್ಟೇ. ಇನ್ನೂರರ ಜಾಗದಲ್ಲಿ ಆರು. ಮುರಿಗೆಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ನನ್ನ ಸೈಟು, ಅವನ ಎರಡು ವರ್ಷ, ಎಲ್ಲ ಸೇರಿ ಎರಡು ಮೊಳ ಜಾಗ.

ಊಟದ ಹೊತ್ತಿಗೆ ಜಿನ್ನಪ್ಪ ಓಡೋಡಿ ಬಂದರು. ಕೊಡುವ ದಿನವಲ್ಲ ಅದು. ನಮ್ಮ ಬಾಗಿಲಲ್ಲಿ ಇಣುಕಿದರು, ಇಣುಕಲು ಅಲ್ಲಿ ಏನೂ ಉಳಿದಿರಲಿಲ್ಲ. ಹಣೆ ಚಚ್ಚಿಕೊಂಡರು.

"ಏನವ್ವಾ ಇದು? ಇಷ್ಟು ಇಕ್ಕಟ್ಟಿನ್ಯಾಗ ಅದೀರಿ, ನಾ ನೋಡಿದ್ರ ನಿನ್ನೆ ಆರಾಮ ಅದೀರಂತ ಹೋದೆ! ನನಗ ಪಾಪ ಸುತ್ತಕೊಳ್ಳಬೇಕಂತ ಮಾಡಿದ್ರೇನು?"

ಬೈಯುತ್ತಲೇ ಚೀಲ ಬಿಚ್ಚಿದರು. ಇಪ್ಪತ್ತು ಗೂಡಿನ ಬಾಕಿ ಪೂರ್ತಿ ಇರಲಿಲ್ಲ, ಹನ್ನೆರಡರದು ಇತ್ತು. ಅವರ ಹಿಂದೆಯೇ ಹಾಲಿನವರು ಬಂದರು, ಬೈದರು, ಕೊಟ್ಟರು. ಎಲೆಯವರ ಮುದುಕಿ ಬೈಯದೆ ಕೊಟ್ಟಳು, ಆಕೆಗೆ ಮಾತು ಬಾರದು. ನಾನು ದುಡ್ಡು ತೆಗೆದುಕೊಳ್ಳುತ್ತ ಗೋಡೆಗೆ ಆನಿಕೊಂಡೇ ನಿಂತಿದ್ದೆ. ಒಂದು ಮೊಳ, ಇನ್ನೊಂದು ಮೊಳ, ಬೆನ್ನ ಹಿಂದೆ ಅದು ಸರಿಯುತ್ತಿದ್ದಂತೆ ನಾನೂ ಹಿಂದೆ ಹಿಂದೆ ಹೆಜ್ಜೆ ಇಟ್ಟೆ. ಮುರಿಗೆಪ್ಪ ಎದ್ದು ಬಂದು ನೋಡಿದ.

"ನಾಕು ಮೊಳ ಆತು," ಎಂದ. ಆಮೇಲೆ ಕಲ್ಲಿನ ಮೇಲಿದ್ದ ಹೊನ್ನೆ ಹಲಗೆಯ ಕಡೆ ನೋಡಿ, "ಇದಕ್ಕ ಕಾಲ ಹಚ್ಚಿದ್ರ ಒಂದು ಸಣ್ಣ ಮೇಜ..." ಎಂದು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದ.

ಹಸೀನಾ ಮುಚ್ಚಳಗಳನ್ನು ಉಡಿಯಲ್ಲಿ ತುಂಬಿಕೊಂಡು, ತನ್ನ ಮಣೆ ಎತ್ತಿಕೊಂಡು, ಹೊಸ್ತಿಲು ದಾಟಿ ಒಳಗೆ ಬಂದು ನೆರಳಿನಲ್ಲಿ ಕೂತಳು. ನಾನು ಅವಳಿಗೆ ಜಾಗ ಬಿಟ್ಟು ಸ್ವಲ್ಪ ಓರೆಯಾಗಿ ನಿಂತೆ. ನಮ್ಮ ಮೊಣಕಾಲುಗಳು ತಾಗಿದವು.

ಸಂಜೆಯ ಬಸ್ಸು ತುಂಬಿತ್ತು. ಕಂಬ ಹಿಡಿದು ನಿಂತಿದ್ದೆ. ಹಿಂದಿನಿಂದ ಯಾರೋ ನನ್ನ ಬೆನ್ನು ತಟ್ಟತೊಡಗಿದರು. ತಿರುಗಿ ನೋಡಿದರೆ ಗುರುತಿಲ್ಲದ ಹೆಂಗಸು, ಕಂಕುಳಲ್ಲಿ ಮಗು, ಮುಖದಲ್ಲಿ ಮರುಕ.

"ಇರ್ಲಿ ಬಿಡ್ರಿ ಯವ್ವಾ," ಎಂದೆ, "ಉದರಸಬ್ಯಾಡ್ರಿ. ನಾಳೆ ಇನ್ನೂ ಮೂರು ಮಂದಿ ಕೊಡೋರು ಅದಾರ, ಅವ್ರೂ ನೋಡ್ಲಿ."